ಮಣ್ಣು ವಿಜ್ಞಾನ: ಸ್ನಾತಕೋತ್ತರ ವ್ಯಾಸಂಗಕ್ಕೆ ಮುನ್ನ

ಸುಣ್ಣಾಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ಶೇಂಗಾ ಬೆಳೆಯ ಎಳೆಯ ಎಲೆಗಳು ಹಳದಿಯಾಗುವುದುಂಟು. ಕಾರಣ ಕಬ್ಬಿಣದ ಕೊರತೆ. ಹಾಗೆಂದು ಆ ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ. ಕ್ಷಾರಗುಣದಿಂದಾಗಿ ಅದು ಬೇರು ಹೀರಿಕೊಳ್ಳಲಾಗದ ರೂಪದಲ್ಲಿರುತ್ತದೆ. ಮಣ್ಣಿಗೆ ಹಾಕಿದ ಅನ್ನಭೇದಿಯೂ ಬೇಗನೆ ಅದೇ ಸ್ಥಿತಿಗೆ ಬರುತ್ತದೆ. ಆದ್ದರಿಂದಲೇ ಅದರ ದ್ರಾವಣವನ್ನು ಎಲೆಗಳಿಗೆ ಸಿಂಪಡಿಸಲು ಸಲಹೆ ನೀಡಲಾಗುತ್ತದೆ. ಪೋಷಕಾಂಶ ಮಣ್ಣಿನಲ್ಲಿ ಇರುವುದಕ್ಕೂ ಬೆಳೆಗೆ ದಕ್ಕುವುದಕ್ಕೂ ನಡುವಿನ ಇಂತಹ ಅಂತರವನ್ನು ವಿವರಿಸುವ ಶಾಸ್ತ್ರವೇ ಮಣ್ಣು ವಿಜ್ಞಾನ.

ಕೇಂದ್ರ ಸರ್ಕಾರ 2015ರ ಫೆಬ್ರವರಿ 19ರಂದು ಆರಂಭಿಸಿದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಸತು, ಬೋರಾನ್ ಸೇರಿದಂತೆ 12 ಅಂಶಗಳನ್ನು ದಾಖಲಿಸಲಾಗುತ್ತದೆ. ಚೀಟಿ ಅಂಕಿಗಳನ್ನು ನೀಡುತ್ತದೆ. ಆ ಅಂಕಿಗಳನ್ನು ಹೊಲ, ಬೆಳೆ ಹಾಗೂ ನೀರಿನೊಂದಿಗೆ ಹೊಂದಿಸಿ ಓದಬಲ್ಲ ತಜ್ಞರು ಬೇಕು. ಆದರೆ ಕೃಷಿ ಪದವೀಧರರಲ್ಲಿ ಕೆಲವರು ಈ ವಿಷಯವನ್ನು ಒಲವಿನಿಂದ ಆರಿಸದೆ, ಬೇರೆಡೆ ಸೀಟು ದೊರೆಯದಾಗ ಒಪ್ಪಿಕೊಳ್ಳುತ್ತಾರೆ. ಎರಡು ವರ್ಷಗಳ ಶ್ರಮ ಹಾಗೆ ವ್ಯರ್ಥವಾಗಬಾರದು.

ಪ್ರವೇಶ ಹೇಗೆ?

ನಾಲ್ಕು ವರ್ಷಗಳ ಬಿ.ಎಸ್ಸಿ. (ಕೃಷಿ) ಪದವಿ ಮುಖ್ಯ ಅರ್ಹತೆ. ಇತರ ಪದವೀಧರರು ಆಯಾ ವರ್ಷದ ಅಧಿಸೂಚನೆಯನ್ನು ಪರಿಶೀಲಿಸುವುದು ಒಳಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಅಖಿಲ ಭಾರತ ಪ್ರವೇಶ ಪರೀಕ್ಷೆಯಲ್ಲಿ ಮಣ್ಣು ವಿಜ್ಞಾನವು 'ಭೌತ ವಿಜ್ಞಾನ' ಗುಂಪಿಗೆ ಸೇರುತ್ತದೆ; ಬೇಸಾಯಶಾಸ್ತ್ರದ ಗುಂಪು ಬೇರೆ. ಅರ್ಜಿ ತುಂಬುವಾಗಲೇ ಈ ವ್ಯತ್ಯಾಸವನ್ನು ಗಮನಿಸಬೇಕು.

ಎಲ್ಲಿ, ಏನು?

ರಾಜ್ಯದಲ್ಲಿ ಬೆಂಗಳೂರು, ಧಾರವಾಡ, ರಾಯಚೂರು ಹಾಗೂ ಶಿವಮೊಗ್ಗದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ವ್ಯಾಸಂಗಕ್ಕೆ ಅವಕಾಶವಿದೆ. ಆಯ್ಕೆಯ ಸಂದರ್ಭದಲ್ಲಿ ಅಲ್ಲಿನ ನೆಲವನ್ನೂ ಪರಿಗಣಿಸಬೇಕು. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ರಾಯಚೂರಿಗೆ ಹತ್ತಿರದ ಸಮಸ್ಯೆ. ಮಲೆನಾಡಿನ ಆಮ್ಲೀಯ ಮಣ್ಣು ಶಿವಮೊಗ್ಗಕ್ಕೆ, ಕಪ್ಪು ಮಣ್ಣು ಧಾರವಾಡಕ್ಕೆ, ಕೆಂಪು ಮಣ್ಣು ಬೆಂಗಳೂರಿಗೆ ಸಮೀಪ. ಮಣ್ಣಿನ ಭೌತಗುಣ, ರಸಾಯನ, ಫಲವತ್ತತೆ, ಜೀವಿಗಳು, ಉಗಮ ಮತ್ತು ವರ್ಗೀಕರಣ ಮುಖ್ಯ ಪಾಠಗಳು. ರಸಾಯನಶಾಸ್ತ್ರದಲ್ಲಿ ಹಿಡಿತವಿಲ್ಲದವರಿಗೆ ಆರಂಭ ಕಠಿಣ.

ಪ್ರಬಂಧದ ಪ್ರಯೋಗ ಹೊಲದಲ್ಲಿ ನಡೆಯುವಂತಿದ್ದರೆ ಮಳೆಯೇ ವೇಳಾಪಟ್ಟಿ. ಬಿತ್ತನೆಗೆ ಮುನ್ನ ಮಣ್ಣಿನ ಮಾದರಿ ಸಂಗ್ರಹಿಸದಿದ್ದರೆ ಹೋಲಿಕೆಗೆ ಆಧಾರವೇ ಉಳಿಯದು. ಹಂಗಾಮು ತಪ್ಪಿದರೆ ಮುಂದಿನ ವರ್ಷಕ್ಕೆ ಕಾಯಬೇಕಾದೀತು. ಆದುದರಿಂದ ಮೊದಲ ವರ್ಷದಲ್ಲೇ ಮಾರ್ಗದರ್ಶಕರೊಂದಿಗೆ ಚರ್ಚಿಸಿ ವಿಷಯ ನಿರ್ಧರಿಸುವುದು ಕ್ಷೇಮ.

ಮುಂದಿನ ದಾರಿ

ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ಇಲಾಖೆ, ಮಣ್ಣು ಪರೀಕ್ಷಾ ಪ್ರಯೋಗಾಲಯಗಳು ಮತ್ತು ರಸಗೊಬ್ಬರ ಕಂಪನಿಗಳಲ್ಲಿ ಅವಕಾಶಗಳಿವೆ. ಅಧ್ಯಾಪನವನ್ನು ಬಯಸುವವರಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಹಾಗೂ ಪಿಎಚ್.ಡಿ. ನೆರವಾಗುತ್ತವೆ. ಸಂಶೋಧನಾಸಕ್ತರಿಗೆ ಭೋಪಾಲದ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆ, ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಗಳಿವೆ. ಎರಡನೆಯದಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಾದೇಶಿಕ ಕೇಂದ್ರವೂ ಇದೆ.

ಸರ್ಕಾರಿ ನೇಮಕಾತಿ ಪ್ರತಿವರ್ಷ ನಡೆಯುವುದಿಲ್ಲ ಎಂಬುದನ್ನು ಮರೆಯಬಾರದು. ಪ್ರಯೋಗಾಲಯದ ವಿಶ್ಲೇಷಣೆಯ ಜೊತೆಗೆ ದೂರಸಂವೇದಿ ನಕ್ಷೆಗಳ ಬಳಕೆಯನ್ನೂ ಕಲಿತವರಿಗೆ ದಾರಿಗಳು ಹೆಚ್ಚು. ಆದರೆ ರೈತ ತನ್ನ ಚೀಟಿಯನ್ನು ಮುಂದಿಟ್ಟು 'ಈಗ ಏನು ಮಾಡಲಿ?' ಎಂದು ಕೇಳಿದಾಗ ಸರಿಯಾದ ಉತ್ತರ ನೀಡಬಲ್ಲ ಸಾಮರ್ಥ್ಯವೇ ಈ ಪದವಿಯ ನಿಜವಾದ ಗಳಿಕೆ.