ಮುಗಿಯಲೊಲ್ಲದ ಹಾಡುಗಳು

ರಾಕ್ ಸಂಗೀತದ ಅಬ್ಬರದ ಕೊನೆಗಳನ್ನು ಹೈದರಾಬಾದಿನ ಕವ್ವಾಲಿಯ ಜೊತೆಗಿಟ್ಟು ಕೇಳಿದಾಗ

1967ರ ಫೆಬ್ರುವರಿ 10ರಂದು ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊಗೆ ನಲವತ್ತು ಮಂದಿ ಆರ್ಕೆಸ್ಟ್ರಾ ವಾದಕರು ಬಂದರು. ಎಲ್ಲರೂ ಶಿಸ್ತಿನ ಶಾಸ್ತ್ರೀಯ ಕಲಾವಿದರು. ಅವರಲ್ಲಿ ಕೆಲವರ ಮುಖಕ್ಕೆ ಬೀಟಲ್ಸ್ ಹುಡುಗರು ಕೋಡಂಗಿ ಮೂಗು ಅಂಟಿಸಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಕೊಟ್ಟ ಸೂಚನೆ ಮೂಗಿಗಿಂತ ವಿಚಿತ್ರವಾಗಿತ್ತು. ನಿಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಹೊರಡಿ, 24 ಬಾರ್ ಮುಗಿಯುವಷ್ಟರಲ್ಲಿ ತುತ್ತತುದಿಗೆ ತಲುಪಿ, ಪಕ್ಕದವನು ಏನು ನುಡಿಸುತ್ತಿದ್ದಾನೆಂದು ಮಾತ್ರ ಕಿವಿಗೊಡಬೇಡಿ! ಜೀವನವಿಡೀ ಪಕ್ಕದವನಿಗೆ ಕಿವಿಗೊಟ್ಟೇ ನುಡಿಸಿದವರಿಗೆ ಇದು ಎಂಥ ಶಿಕ್ಷೆ ಎಂದು ಊಹಿಸಿಕೊಳ್ಳಿ. ಹನ್ನೆರಡು ದಿನಗಳ ನಂತರ ಹಲವು ಪಿಯಾನೊಗಳ ಮೇಲೆ ಒಟ್ಟಿಗೆ ಬಾರಿಸಿದ ಒಂದು ಇ ಮೇಜರ್ ಸ್ವರಮೇಳ ಆ ಹಾಡಿಗೆ ಕೊನೆಯಾಯಿತು. ನಾದ ಇಳಿಯುತ್ತ ಹೋದಂತೆ ಎಂಜಿನಿಯರ್ ಜೆಫ್ ಎಮರಿಕ್ ಧ್ವನಿಮಟ್ಟ ಏರಿಸುತ್ತ ಹೋದರು. ಒಳ್ಳೆಯ ಹೆಡ್‌ಫೋನ್ ಇದ್ದರೆ ಕಡೆಯಲ್ಲಿ ಕುರ್ಚಿ ಕಿರುಗುಟ್ಟಿದ್ದೂ ಕೇಳುತ್ತದೆ.

ಆ ಹಾಡು, 'ಎ ಡೇ ಇನ್ ದ ಲೈಫ್', ಭವ್ಯ ಅಂತ್ಯಗಳ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಇರಲಿ. ಆದರೆ ಅದು ಸ್ಟುಡಿಯೊದ ಟೇಪಿನ ಮೇಲೆ ಕಟ್ಟಿದ ಕೊನೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹಾಡು ಉಕ್ಕಿ ಹರಿಯುತ್ತಿರುವಾಗ, ಸಾಕು ಎಂದು ಹೇಳುವ ಹಕ್ಕು ಯಾರದು?

ರೆಕಾರ್ಡಿನಲ್ಲಿ ಆ ಹಕ್ಕು ಎಂಜಿನಿಯರನ ಬೆರಳಿನದು. 1968ರ 'ಹೇ ಜೂಡ್' ಏಳು ನಿಮಿಷ ದಾಟುತ್ತದೆ. ಮೂರು ನಿಮಿಷಕ್ಕೆಲ್ಲ ಹೇಳಬೇಕಾದ್ದು ಮುಗಿದಿರುತ್ತದೆ; ಉಳಿದ ನಾಲ್ಕು ನಿಮಿಷ ಒಂದೇ ಸಾಲಿನ ಪುನರಾವರ್ತನೆ. ಸ್ಟುಡಿಯೊದಲ್ಲಿದ್ದ ಆರ್ಕೆಸ್ಟ್ರಾದವರೂ ಚಪ್ಪಾಳೆ ತಟ್ಟುತ್ತ ದನಿಗೂಡಿಸಿದರು. ಕೊನೆಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಶಬ್ದ ನಿಧಾನವಾಗಿ ತಗ್ಗಿ ಮಾಯವಾಗುತ್ತದೆ. ಲಿನರ್ಡ್ ಸ್ಕಿನರ್ಡ್ ತಂಡದ 'ಫ್ರೀ ಬರ್ಡ್' (1973) ಕೂಡ ಹೀಗೆಯೇ: ನಾಲ್ಕು ನಿಮಿಷಕ್ಕೂ ಹೆಚ್ಚು ಗಿಟಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ಆಮೇಲೆ ಫೇಡ್‌ಔಟ್. ಫೇಡ್‌ಔಟ್ ಎಂದರೆ ಒಂದು ರೀತಿಯ ತಪ್ಪಿಸಿಕೊಳ್ಳುವಿಕೆ ಎಂದೇ ನನ್ನ ಅಭಿಪ್ರಾಯ. ವೇದಿಕೆಯ ಮೇಲೆ ಆ ಸೌಲಭ್ಯವಿಲ್ಲ. ಅಲ್ಲಿ ಡ್ರಮ್ಮರ್ ಕಡೆಗೆ ಎಲ್ಲರೂ ತಿರುಗಿ, ಕಣ್ಣಲ್ಲೇ ಮಾತಾಡಿ, ಒಟ್ಟಿಗೆ ಇಳಿಯಬೇಕು. ಆದ್ದರಿಂದಲೇ ಇಂಥ ಹಾಡುಗಳ ನಿಜವಾದ ಕೊನೆಯನ್ನು ಕಛೇರಿಯ ಧ್ವನಿಮುದ್ರಣಗಳಲ್ಲಿ ಹುಡುಕಬೇಕು.

ಸ್ಟುಡಿಯೊದಲ್ಲೇ ಗೆದ್ದ ಒಂದು ಕೊನೆ ಎಂದರೆ ದ ಹೂ ತಂಡದ 'ವೋಂಟ್ ಗೆಟ್ ಫೂಲ್ಡ್ ಅಗೇನ್' (1971). ಎಂಟೂವರೆ ನಿಮಿಷದ ಹಾಡು. ಮುಗಿಯಿತೇನೋ ಎನ್ನುವಾಗ ಇಡೀ ತಂಡ ಸುಮ್ಮನಾಗಿ ಸಿಂಥಸೈಜರ್‌ನಲ್ಲಿ ಹಾಯ್ದು ಬಂದ ಆರ್ಗನ್ ಮಾತ್ರ ಮಿಡಿಯುತ್ತಿರುತ್ತದೆ. ಕಿವಿ ಕಾಯುತ್ತದೆ. ಕೀತ್ ಮೂನ್‌ನ ಡ್ರಮ್ಸ್ ಎರಗುತ್ತದೆ, ಅದರ ಹಿಂದೆಯೇ ರೋಜರ್ ಡಾಲ್ಟ್ರಿಯ ಚೀರು. ರೇಡಿಯೊಗೆಂದು ಇದನ್ನೇ ಮೂರೂವರೆ ನಿಮಿಷಕ್ಕೆ ಕತ್ತರಿಸಿ ಸಿಂಗಲ್ ಆಗಿ ಬಿಟ್ಟರು. ಕಾಯಿಸದ ಮೇಲೆ ಆ ಚೀರಿಗೆ ಬೆಲೆ ಎಲ್ಲಿ?

ಈ ಕಾಯಿಸುವ ವಿದ್ಯೆಯಲ್ಲಿ ಹೈದರಾಬಾದಿಗೆ ಪಾಠ ಹೇಳಬೇಕಾಗಿಲ್ಲ. ಈ ಊರಿನಲ್ಲಿ ರಾಕ್ ಇಲ್ಲವೆಂದಲ್ಲ. 'ಗಾಡ್‌ಲೆಸ್' ಎಂಬ ಡೆತ್ ಮೆಟಲ್ ತಂಡ ಇಲ್ಲಿಯದೇ. 2021ರಲ್ಲಿ 'ಸ್ಟೇಟ್ಸ್ ಆಫ್ ಕೇಯಾಸ್' ಎಂಬ ಆಲ್ಬಂ ತಂದಿತು. ದೇವರಿಲ್ಲ ಎಂದು ಹೆಸರಿಟ್ಟುಕೊಂಡವರೂ ದೈವದ ಅಮಲಿನಲ್ಲಿ ಹಾಡುವವರೂ ಒಂದೇ ಊರಿನಲ್ಲಿರುವುದು ದಖನ್ನಿನ ಸೊಗಸು. ಆದರೂ ದೊಡ್ಡ ರಾಕ್ ಹೆಸರುಗಳಿಗಾಗಿ ಇಲ್ಲಿನ ಹುಡುಗರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದದ್ದೇ ಹೆಚ್ಚು. ಅರಮನೆ ಮೈದಾನಕ್ಕೆ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ ದಕ್ಷಿಣವೆಲ್ಲ ಅಲ್ಲಿ ನೆರೆದಿತ್ತು.

ಹೈದರಾಬಾದಿನ ಸ್ವಂತ ಆಸ್ತಿ ಎಂದರೆ ಸೂಫಿ ಭಕ್ತಿಗಾಯನವಾದ ಕವ್ವಾಲಿ. ಬಹಾದೂರ್ ಷಾ ಜಫರ್‌ನ ಆಸ್ಥಾನ ಗಾಯಕ ತಾನ್‌ರಸ್ ಖಾನ್ 1857ರ ದಂಗೆಯ ನಂತರ ದಿಲ್ಲಿ ತೊರೆದು, ಕಡೆಗೆ ನಿಜಾಮರ ಆಶ್ರಯ ಸೇರಿದರು. ಆ ಪರಂಪರೆಯ ಅಜೀಜ್ ಅಹ್ಮದ್ ಖಾನ್ ವಾರ್ಸಿ ಅವರಿಗೆ 1971ರಲ್ಲಿ ಪದ್ಮಶ್ರೀ ಬಂತು. ಅವರ ಮೊಮ್ಮಕ್ಕಳಾದ ನಸೀರ್ ಮತ್ತು ನಜೀರ್, ವಾರ್ಸಿ ಬ್ರದರ್ಸ್ ಎಂದೇ ಹೆಸರಾದವರು, 2014ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದರು.

ಕವ್ವಾಲರು ಮೊದಲು ಆಲಾಪದಲ್ಲಿ ನಿಧಾನಕ್ಕೆ ನೆಲ ಹದ ಮಾಡುತ್ತಾರೆ. ಆಮೇಲೆ ಢೋಲಕ್ ಸೇರುತ್ತದೆ, ಹಿಂದಿನ ಸಾಲಿನವರ ಚಪ್ಪಾಳೆ ಸೇರುತ್ತದೆ. ನಡುವೆ ಬೇರೊಂದು ಕವಿತೆಯ ದ್ವಿಪದಿ ತಂದು ಮೂಲ ಸಾಲಿಗೆ ಗಂಟು ಹಾಕುತ್ತಾರೆ. ಅದಕ್ಕೆ ಗಿರಹ್ ಎನ್ನುತ್ತಾರೆ. ಮತ್ತೆ ಅದೇ ಸಾಲು, ಮತ್ತೆ ಅದೇ ಸಾಲು, ಪ್ರತಿ ಸಲವೂ ಸ್ವಲ್ಪ ಬಿರುಸು. ತಾಂತ್ರಿಕವಾಗಿ ನೋಡಿದರೆ 'ಹೇ ಜೂಡ್' ಮತ್ತು 'ಫ್ರೀ ಬರ್ಡ್' ಮಾಡುವುದೂ ಇದನ್ನೇ. ವ್ಯತ್ಯಾಸವಿರುವುದು ನಿಲ್ಲಿಸುವ ಹಕ್ಕಿನಲ್ಲಿ. ದರ್ಗಾದ ಮೆಹಫಿಲ್‌ನಲ್ಲಿ ಯಾರಿಗಾದರೂ ಒಂದು ಸಾಲು ತಾಗಿ 'ಹಾಲ್' ಬಂದರೆ, ಅಂದರೆ ಮೈಮರೆತು ಭಾವಪರವಶರಾದರೆ, ಅವರು ಮರಳಿ ತಮ್ಮ ಸ್ಥಿತಿಗೆ ಬರುವವರೆಗೂ ಕವ್ವಾಲರು ಅದೇ ಸಾಲನ್ನು ಹಾಡುತ್ತಲೇ ಇರಬೇಕು. ನಡುವೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂಬ ನಂಬಿಕೆ ಇದೆ. 1235ರಲ್ಲಿ ದಿಲ್ಲಿಯ ಸೂಫಿ ಸಂತ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ ಒಂದು ದ್ವಿಪದಿ ಕೇಳುತ್ತಲೇ ದಿನಗಟ್ಟಲೆ ಪರವಶರಾಗಿದ್ದು ಪ್ರಾಣಬಿಟ್ಟರೆಂಬ ಕಥೆಯನ್ನು ಚಿಶ್ತಿ ಪರಂಪರೆ ಇಂದಿಗೂ ಹೇಳುತ್ತದೆ. ಅದೇ ಪರಂಪರೆಯ ಬಂದೇ ನವಾಜ್ 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡರು. ಸಮಾ ಎಂಬ ಈ ಸಂಗೀತಕೂಟದ ರುಚಿ ನಮ್ಮ ಕಡೆಯವರಿಗೂ ಹೊಸದಲ್ಲ.

ರಾಕ್‌ನವರು ಕವ್ವಾಲಿಯ ಈ ಸೆಳೆತವನ್ನು ಗುರುತಿಸಲಿಲ್ಲವೇ? ಗುರುತಿಸಿದರು. ಪೀಟರ್ ಗೇಬ್ರಿಯಲ್ ತಮ್ಮ ರಿಯಲ್ ವರ್ಲ್ಡ್ ಸಂಸ್ಥೆಯಿಂದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನರ ಧ್ವನಿಮುದ್ರಿಕೆಗಳನ್ನು ಹೊರತಂದರು. ಪರ್ಲ್ ಜ್ಯಾಮ್‌ನ ಎಡ್ಡಿ ವೆಡ್ಡರ್ 'ಡೆಡ್ ಮ್ಯಾನ್ ವಾಕಿಂಗ್' (1995) ಚಿತ್ರಕ್ಕಾಗಿ ನುಸ್ರತ್ ಜೊತೆ ಹಾಡಿದರು. ನ್ಯೂಯಾರ್ಕಿನ ಪುಟ್ಟ ಕೆಫೆಯೊಂದರಲ್ಲಿ ಹಾಡುತ್ತಿದ್ದ ಜೆಫ್ ಬಕ್ಲಿಗೆ ನುಸ್ರತ್ ಎಂದರೆ ಆರಾಧನೆ. ಅವನ ಹಾಡುಗಳಲ್ಲಿ ದನಿ ಪಿಸುಮಾತಿನಿಂದ ಕೂಗಿನವರೆಗೆ ಏರುವ ದಾರಿಯಲ್ಲಿ ಕವ್ವಾಲಿಯ ಗಾಳಿ ಬೀಸುತ್ತದೆ ಎಂದು ನನಗನ್ನಿಸುತ್ತದೆ.

ಮೆಹಫಿಲ್‌ಗೂ ಒಂದು ಕೊನೆಯ ಹಾಡಿದೆ. ಅಮೀರ್ ಖುಸ್ರೋನ 'ರಂಗ್' ಶುರುವಾಯಿತೆಂದರೆ ಕೇಳುಗರು ಎದ್ದು ನಿಲ್ಲುತ್ತಾರೆ. ಕೂಟ ಮುಗಿಯುತ್ತಿದೆ ಎಂದು ಹೊಸಬರಿಗೂ ತಿಳಿಯುತ್ತದೆ. ರಾಕ್ ತಂಡಗಳು ತಮ್ಮ ಅತಿ ದೊಡ್ಡ ಹಾಡನ್ನು ಕಡೆಗೆ ಎತ್ತಿಟ್ಟುಕೊಳ್ಳುವುದೂ ಇದೇ ಲೆಕ್ಕದಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ, ಇವತ್ತು ನಮ್ಮ ನಗರಗಳಲ್ಲಿ ಹಾಡು ನಿಲ್ಲಿಸುವವರು ಡ್ರಮ್ಮರ್ ಅಲ್ಲ, ಹಾಲ್ ಬಂದ ಭಕ್ತನೂ ಅಲ್ಲ, ಬಡಾವಣೆಯ ಪೊಲೀಸ್ ಠಾಣೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ, ಹಬ್ಬ ಉತ್ಸವಗಳಿಗೆಂದು ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಹತ್ತಕ್ಕೆ ಐದು ನಿಮಿಷವಿರುವಾಗ ಒಂಬತ್ತು ನಿಮಿಷದ ಹಾಡು ಎತ್ತಿಕೊಂಡ ತಂಡದ ಪಾಡು ದೇವರಿಗೇ ಪ್ರೀತಿ, ಯಾಕೆಂದರೆ ಕರೆಂಟು ತೆಗೆದರೆ ಎಲೆಕ್ಟ್ರಿಕ್ ಗಿಟಾರ್ ಬರೀ ಕಟ್ಟಿಗೆ. ಮುಚ್ಚಿದ ಸಭಾಂಗಣಕ್ಕೆ ನಿಯಮದಲ್ಲಿ ವಿನಾಯಿತಿಯಿದೆ. ಕವ್ವಾಲರಿಗೆ ಅಷ್ಟು ಸಾಕು: ಹಾರ್ಮೋನಿಯಂ, ಢೋಲಕ್ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮೈಕಿಲ್ಲದೆ ಅದೇ ಸಾಲಿನಿಂದ ಮತ್ತೆ ಶುರು ಮಾಡಬಹುದು.