ಚದರಡಿ ಬೆಲೆ ಕಡಿಮೆ ಇದ್ದರೆ ಆ ಊರಲ್ಲಿ ಮನೆ ಅಗ್ಗವೇ? ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕ ನೋಡಿ

ಮುಂಬೈ, ಬೆಂಗಳೂರು, ಹೈದರಾಬಾದ್ ಎಂದು ಊರುಗಳ ಹೆಸರಿನ ಮುಂದೆ ಚದರಡಿ ಬೆಲೆ ಬರೆದ ಪಟ್ಟಿ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತದೆ. ಕೊನೆಗೆ "ಅಗ್ಗದ ಊರಲ್ಲಿ ಈಗಲೇ ಮನೆ ತಗೊಳ್ಳಿ" ಎಂಬ ಸಲಹೆ ಬೇರೆ. ಇಪ್ಪತ್ತು ವರ್ಷ ಸಾಲದ ಕಂತು ಕಟ್ಟಬೇಕಾದವರು ಇದನ್ನು ನಂಬಬಹುದೇ? ನೋಡೋಣ.

ಮೊದಲ ಪ್ರಶ್ನೆ: ಯಾವ ಚದರಡಿ?

ಮನೆಯ ಬಾಗಿಲೊಳಗೆ ನಾವು ನಿಜಕ್ಕೂ ಬಳಸುವ ಜಾಗ ಕಾರ್ಪೆಟ್ ಏರಿಯಾ. ಇದಕ್ಕೆ ಹೊರಗೋಡೆ, ಬಾಲ್ಕನಿ, ಜೊತೆಗೆ ಮೆಟ್ಟಿಲು, ಲಿಫ್ಟ್, ಲಾಬಿಗಳಲ್ಲಿ ನಮ್ಮ ಪಾಲು ಸೇರಿಸಿದರೆ ಸೂಪರ್ ಬಿಲ್ಟ್-ಅಪ್ ಏರಿಯಾ. ಮುಂಬೈನಲ್ಲಿ ಕಾರ್ಪೆಟ್ ಲೆಕ್ಕ ಹೇಳುವುದು ರೂಢಿ. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಸೂಪರ್ ಬಿಲ್ಟ್-ಅಪ್ ಹೇಳುವವರೇ ಹೆಚ್ಚು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಮೊದಲ ಊರಲ್ಲಿ 1,200 ಚದರಡಿ ಸೂಪರ್ ಬಿಲ್ಟ್-ಅಪ್ ಫ್ಲ್ಯಾಟ್, ಚದರಡಿಗೆ 6,000 ರೂಪಾಯಿ. ಒಟ್ಟು 72 ಲಕ್ಷ. ಎರಡನೇ ಊರಲ್ಲಿ 900 ಚದರಡಿ ಕಾರ್ಪೆಟ್ ಏರಿಯಾ, ಚದರಡಿಗೆ 8,000 ರೂಪಾಯಿ. ಇದೂ 72 ಲಕ್ಷವೇ. ಪಟ್ಟಿ ನೋಡಿದರೆ ಮೊದಲ ಊರೇ ಅಗ್ಗ. ಆದರೆ ಅಲ್ಲಿನ ಫ್ಲ್ಯಾಟ್ ಒಳಗೆ ಅಳೆದಾಗ ಸಿಕ್ಕಿದ್ದು 800 ಚದರಡಿ ಮಾತ್ರ ಎಂದುಕೊಳ್ಳಿ. ಆಗ ಅದರ ನಿಜವಾದ ಬೆಲೆ ಚದರಡಿಗೆ 9,000 ರೂಪಾಯಿ! "ದುಬಾರಿ" ಊರಲ್ಲಿ ಅದೇ ದುಡ್ಡಿಗೆ 10x10 ಅಳತೆಯ ಒಂದು ಕೋಣೆಯಷ್ಟು ಜಾಗ ಹೆಚ್ಚು ಸಿಕ್ಕಿತು.

ಸೂಚ್ಯಂಕ ಅಂದರೆ ಬೆಲೆಯಲ್ಲ

ಕೆಲವು ಪಟ್ಟಿಗಳಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್‌ನ 'ರೆಸಿಡೆಕ್ಸ್' ಸೂಚ್ಯಂಕ ಇರುತ್ತದೆ. 50 ನಗರಗಳ ಈ ಲೆಕ್ಕದಲ್ಲಿ 2017-18ರ ಬೆಲೆಯನ್ನು ಪ್ರತಿ ನಗರಕ್ಕೂ 100 ಎಂದು ಇಟ್ಟುಕೊಳ್ಳುತ್ತಾರೆ. ಒಂದು ನಗರದ್ದು 150, ಇನ್ನೊಂದರದ್ದು 120 ಇದ್ದರೆ ಮೊದಲನೆಯದು ದುಬಾರಿ ಎಂದರ್ಥವಲ್ಲ, ಅಲ್ಲಿ ಬೆಲೆ ವೇಗವಾಗಿ ಏರಿದೆ ಎಂದಷ್ಟೇ ಅರ್ಥ. 3,000 ಇದ್ದದ್ದು 4,500 ಆದರೆ 150. 12,000 ಇದ್ದದ್ದು 14,400 ಆದರೆ 120.

ಪಟ್ಟಿಯಲ್ಲಿ ಕಾಣದ ಖರ್ಚು

ನೀರನ್ನೇ ತೆಗೆದುಕೊಳ್ಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹಲವು ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್‌ಗಾಗಿ ಕಾಯಬೇಕಾಯಿತು. ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ಮಾತ್ರ ನಂಬಿದ ಮನೆಗೂ ಒಂದೇ ಊರಲ್ಲೇ ಅಜಗಜಾಂತರ. ಮುದ್ರಾಂಕ ಶುಲ್ಕವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ತಿಂಗಳ ಮೇಂಟೆನೆನ್ಸ್, ಕೆಲಸಕ್ಕೆ ಹೋಗಿಬರುವ ಸಮಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಹಾಗಾದರೆ ಹೋಲಿಸುವುದು ಹೇಗೆ?

• ಒಟ್ಟು ಖರ್ಚನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಹೇಳಿದೆ. ನೋಂದಾಯಿತ ಯೋಜನೆಗಳ ವಿವರ ಆಯಾ ರಾಜ್ಯದ ರೇರಾ ಜಾಲತಾಣದಲ್ಲಿ ಸಿಗುತ್ತದೆ.
• ಅಂಥದ್ದೇ ಮನೆಗೆ ಅದೇ ಬೀದಿಯಲ್ಲಿ ಬಾಡಿಗೆ ಎಷ್ಟು ಎಂದು ವಿಚಾರಿಸಿ. ಕಂತಿಗಿಂತ ಬಾಡಿಗೆ ತೀರಾ ಕಡಿಮೆಯಿದ್ದರೆ ಅವಸರ ಬೇಡ.
• ಆ ಊರಲ್ಲಿ ನಿಮಗೆ ಸಿಗುವ ಸಂಬಳದ ಎಷ್ಟು ಪಾಲು ಕಂತಿಗೆ ಹೋಗುತ್ತದೆ ನೋಡಿ. ಅಗ್ಗದ ಊರಲ್ಲಿ ಸಂಬಳವೂ ಕಡಿಮೆಯಿದ್ದರೆ ಲಾಭವೇನು?
• ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಅಲ್ಲಿ ವಾಸವಿರುವವರನ್ನೇ ಕೇಳಿ.

ನಮ್ಮ ತೀರ್ಮಾನ: ಅಂಕಿ ಸರಿಯಿದ್ದರೂ ಇಂಥ ಪಟ್ಟಿ ಹೇಳುವುದು ಅರ್ಧ ಸತ್ಯ. ಮುಂದಿನ ಸಲ ಬಂದಾಗ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಇದು ಯಾವ ಚದರಡಿ?"