ಓಲೆ ಉಳಿಯುವುದು ಎಲ್ಲಿ?

ಅಂಚೆಯವನು ತಂದುಕೊಟ್ಟ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದೂ ಹರಿದೊಗೆಯುವುದೂ ವಿಳಾಸದಾರನ ಇಷ್ಟ. ಅಂಚೆ ಕಚೇರಿಗೆ ಆಮೇಲೆ ಅದರ ಗೊಡವೆಯಿಲ್ಲ. ಇ-ಮೇಲಿನ ಸಂಗತಿ ಇಷ್ಟು ಸರಳವಲ್ಲ. ಮೊಬೈಲಿನ ತೆರೆಯ ಮೇಲೆ ಕಾಣುವ ಪತ್ರ ನಿಜವಾಗಿ ಇರುವುದೆಲ್ಲಿ? ಕೈಯಲ್ಲಿರುವ ಯಂತ್ರದಲ್ಲೋ, ಎಲ್ಲೋ ದೂರದಲ್ಲಿರುವ ಸರ್ವರ್ ಎಂಬ ಗಣಕದಲ್ಲೋ? ಪತ್ರ ಕಳೆದುಹೋಗುವವರೆಗೆ ಈ ಪ್ರಶ್ನೆಯನ್ನು ಕೇಳುವವರು ವಿರಳ.

ಒಯ್ಯುವವನು ಬೇರೆ, ಕೊಡುವವನು ಬೇರೆ

1971ರಲ್ಲಿ ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್‌ಸನ್ ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಗಣಕದಿಂದ ಪಕ್ಕದಲ್ಲೇ ಇದ್ದ ಮತ್ತೊಂದಕ್ಕೆ ಸಂದೇಶ ಕಳುಹಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಆರಿಸಿದ ‘ಅಟ್’ ಚಿಹ್ನೆ ಇಂದಿಗೂ ವಿಳಾಸದ ನಡುವೆ ನಿಂತಿದೆ.

ಜಾಲಗಳು ಬೆಳೆದಂತೆ, ಬಗೆಬಗೆಯ ಯಂತ್ರಗಳು ಒಪ್ಪಿ ನಡೆಯತಕ್ಕ ಕಟ್ಟಳೆ ಅವಶ್ಯವಾಯಿತು. ಇಂಥ ಕಟ್ಟಳೆಗೆ ಪ್ರೋಟೊಕಾಲ್ ಎಂದು ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದು ಪ್ರಕಟಿಸಿದ ಎಸ್.ಎಂ.ಟಿ.ಪಿ. ಅಂಥದೊಂದು. ಅದರ ಕೆಲಸ ಓಲೆಕಾರನದು. ಕಳುಹಿಸುವ ಯಂತ್ರವು ಮೊದಲು ನಮಸ್ಕಾರ ಹೇಳುತ್ತದೆ. ಬಳಿಕ ಬರೆದವರು ಯಾರು, ಸೇರಬೇಕಾದವರು ಯಾರು ಎಂದು ತಿಳಿಸಿ ಪತ್ರವನ್ನು ಒಪ್ಪಿಸುತ್ತದೆ. ಕೊನೆಗೆ ಒಂದು ಸಾಲಿನಲ್ಲಿ ಬರಿಯ ಪೂರ್ಣವಿರಾಮ ಬಂದರೆ ಪತ್ರ ಮುಗಿಯಿತೆಂದು ಅರ್ಥ. ವಿಳಾಸದಾರನ ಸರ್ವರನ್ನು ಮುಟ್ಟಿಸಿದರೆ ಓಲೆಕಾರನ ಹೊಣೆ ತೀರಿತು. ಅಲ್ಲಿಂದ ಓದುಗನಿಗೆ ಪತ್ರ ದೊರೆಯುವ ದಾರಿಗಳು ಬೇರೆ.

ಮನೆಗೆ ತರುವ ಕ್ರಮ

1984ರಲ್ಲಿ ಮೊದಲ ರೂಪ ತಳೆದು, 1988ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡ ‘ಪಾಪ್’ ಒಂದು ದಾರಿ. ಟೆಲಿಫೋನ್ ತಂತಿಯ ಮೂಲಕ ಸ್ವಲ್ಪ ಹೊತ್ತು ಮಾತ್ರ ಜಾಲಕ್ಕೆ ಸೇರುವವರಿಗೆ ಅದು ಬಹಳ ಒಪ್ಪಿತು. ಸಂಪರ್ಕ ಪಡೆ, ಪತ್ರಗಳನ್ನು ಇಳಿಸಿಕೊ, ಸಂಪರ್ಕ ಕಡಿ — ಇಷ್ಟೇ ವಿಧಾನ. ಸಾಮಾನ್ಯವಾಗಿ ಇಳಿಸಿಕೊಂಡ ಪತ್ರವನ್ನು ಸರ್ವರಿನಿಂದ ಅಳಿಸಲಾಗುತ್ತಿತ್ತು. ಓಲೆ ಪೂರ್ತಿ ಮನೆಯದಾಯಿತು; ಮನೆಯ ಯಂತ್ರ ಕೆಟ್ಟರೆ ಓಲೆಯೂ ಹೋಯಿತು.

ಕಚೇರಿಯಲ್ಲೇ ಓದುವ ಕ್ರಮ

1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ‘ಐಮ್ಯಾಪ್’ ಎಂಬ ಎರಡನೆಯ ದಾರಿಯನ್ನು ರೂಪಿಸಿದರು. ಇಲ್ಲಿ ಮೂಲಪತ್ರ ಸರ್ವರಿನಲ್ಲೇ ಇರುತ್ತದೆ. ಮೊಬೈಲು, ಮೇಜಿನ ಗಣಕ ಎಲ್ಲವೂ ಅದರತ್ತ ತೆರೆದ ಕಿಟಕಿಗಳು. ಒಂದರಲ್ಲಿ ಓದಿದ ಪತ್ರ ಇನ್ನೊಂದರಲ್ಲಿಯೂ ಓದಿದ್ದಾಗಿ ಕಾಣುತ್ತದೆ. ಒಂದರಲ್ಲಿ ಅಳಿಸಿದರೆ ಎಲ್ಲದರಿಂದಲೂ ಮಾಯವಾಗುತ್ತದೆ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಅವರೊಡಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಆರಂಭಿಸಿದ ಹಾಟ್‌ಮೇಲ್, ಬ್ರೌಸರ್ ಒಂದಿದ್ದರೆ ಎಲ್ಲಿಂದಲಾದರೂ ಓದುವ ಅನುಕೂಲವನ್ನು ಜನಸಾಮಾನ್ಯರಿಗೆ ಒದಗಿಸಿತು. ಅಲ್ಲಿಯೂ ಪತ್ರದ ವಾಸ ಸರ್ವರಿನಲ್ಲೇ.

ಎಚ್ಚರ ಎಲ್ಲಿ ಬೇಕು?

ಪರದೇಶದಲ್ಲಿರುವ ಮಗಳು ಹತ್ತು ವರ್ಷ ಬರೆದ ಪತ್ರಗಳು ತಾಯಿಯ ಬಳಿ ಇವೆಯೆನ್ನಿ. ಮೊಬೈಲಿನಲ್ಲಿ ಜಾಗ ಸಾಲದೆಂದು ಮೊಮ್ಮಗ ಅವನ್ನು ಒಂದೊಂದಾಗಿ ಅಳಿಸುತ್ತಾನೆ. ಮನೆಯ ಗಣಕದಲ್ಲಿ ಹೇಗೂ ಇವೆಯಲ್ಲ ಎಂದು ಅವನ ನಂಬಿಕೆ. ಕ್ರಮವು ಐಮ್ಯಾಪ್ ಆಗಿದ್ದರೆ ಆ ನಂಬಿಕೆ ಹುಸಿ. ಎರಡು ಕಡೆ ಕಂಡದ್ದು ಎರಡು ಪ್ರತಿಗಳಲ್ಲ, ಒಂದೇ ಪತ್ರದ ಎರಡು ನೋಟಗಳು. ಅಂಥಲ್ಲಿ ಖಾತೆಯನ್ನು ಮೊಬೈಲಿನಿಂದ ತೆಗೆದರೆ ಸರ್ವರಿನ ಪತ್ರಕ್ಕೆ ಧಕ್ಕೆಯಿಲ್ಲ, ಪತ್ರವನ್ನೇ ಅಳಿಸಬಾರದು.

ಪಾಪ್ ಬಳಸುವವರು ಸರ್ವರಿನಲ್ಲಿ ಪ್ರತಿಯನ್ನು ಉಳಿಸುವ ಏರ್ಪಾಡನ್ನು ಆರಿಸಿಕೊಳ್ಳುವುದು ಲೇಸು. ಐಮ್ಯಾಪ್ ಬಳಸುವವರು ಪ್ರಿಯವಾದ ಪತ್ರಗಳ ಬೇರೊಂದು ಪ್ರತಿಯನ್ನು ತೆಗೆದಿಡುವುದು ಲೇಸು. ಯಾವ ಕ್ರಮದಲ್ಲಿ ಬಂದರೂ, ಓಲೆಯನ್ನು ಕಾಪಾಡುವ ಹೊಣೆ ಅದನ್ನು ಪಡೆದವರದೇ.